ಎಷ್ಟಿದೆ ಅಂತ ಎಣಿಸಬೇಡ

ಹೊಸ ಮನೆಗೆ ದೊಡ್ಡ ಟಿವಿ ತಂದೆಯಂತೆ, ಸಂತೋಷ ಕಣೋ. ಯಾವ ಓಟಿಟಿಗೆ ದುಡ್ಡು ಕಟ್ಟಲಿ ಅಂತ, ನೆಟ್‌ಫ್ಲಿಕ್ಸ್‌ನಲ್ಲಿ ಎಷ್ಟು ಸಿನಿಮಾ, ಪ್ರೈಮ್‌ನಲ್ಲಿ ಎಷ್ಟು ಅಂತ ಲೆಕ್ಕ ಹಾಕ್ತಾ ಕೂತಿದ್ದೀಯಂತೆ. ಆ ಎಣಿಕೆ ಬಿಡು. ಮದುವೆಮನೆಯಲ್ಲಿ ಎಲೆ ತುಂಬ ಬಡಿಸಿದ್ರೂ ನಿಮ್ಮಪ್ಪ ಎರಡನೇ ಸಲ ಕೇಳೋದು ತಿಳಿಸಾರು ಒಂದೇ.

ಮೊದಲು ಮನೇಲಿ ಯಾರು ಏನು ನೋಡ್ತಾರೆ ಅಂತ ಕೇಳು. ನಿಮ್ಮಮ್ಮನ ಧಾರಾವಾಹಿ ಜೀ ಕನ್ನಡದ್ದಾದ್ರೆ ಜೀ5, ಕಲರ್ಸ್ ಕನ್ನಡ, ಸುವರ್ಣದ್ದಾದ್ರೆ ಜಿಯೋಹಾಟ್‌ಸ್ಟಾರ್, ಉದಯದ್ದಾದ್ರೆ ಸನ್ ನೆಕ್ಸ್ಟ್. ಚಾನೆಲ್ ಯಾರದೋ ಆಪ್ ಅವರದು, ಇಷ್ಟೇ ಗುಟ್ಟು. ನೆಟ್‌ಫ್ಲಿಕ್ಸ್‌ನಲ್ಲಿ ಜಗತ್ತೇ ಇದ್ರೂ ಸಂಜೆ ಏಳು ಗಂಟೆಗೆ ಅವಳಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಸಿನಿಮಾದ ಹೆಸರು ಕಂಡಿತು ಅಂತ ಹಿಗ್ಗಬೇಡ, ಭಾಷೆ ನೋಡು. 2022ರಲ್ಲಿ 'ಕಾಂತಾರ' ಕನ್ನಡದಲ್ಲಿ ಬಂದಿದ್ದು ಪ್ರೈಮ್‌ಗೆ, ಹಿಂದಿ ದನಿಯದ್ದು ಬಂದಿದ್ದು ನೆಟ್‌ಫ್ಲಿಕ್ಸ್‌ಗೆ. ನಮ್ಮ ಕರಾವಳಿಯ ಕಥೇನ ಹಿಂದಿಯಲ್ಲಿ ನೋಡೋ ಕರ್ಮ ನಮಗ್ಯಾಕೆ?

ಇವತ್ತು ಇದ್ದದ್ದು ನಾಳೆ ಅಲ್ಲೇ ಇರುತ್ತೆ ಅಂತಲೂ ಇಲ್ಲ. ಹಕ್ಕು ಕೊಂಡಿರೋದು ಇಂತಿಷ್ಟು ಕಾಲಕ್ಕೆ. ಅಮೆರಿಕದಲ್ಲಿ 'ಫ್ರೆಂಡ್ಸ್' 2019ರ ಕೊನೆಗೆ ನೆಟ್‌ಫ್ಲಿಕ್ಸ್ ಬಿಟ್ಟು, ಮುಂದಿನ ವರ್ಷ ಎಚ್‌ಬಿಓ ಮ್ಯಾಕ್ಸ್ ಸೇರಿತು. ನಮ್ಮಲ್ಲಂತೂ ಆಪ್‌ಗಳೇ ಮಾಯವಾಗ್ತವೆ. '777 ಚಾರ್ಲಿ' ಮೊದಲು ಬಂದಿದ್ದು ವೂಟ್‌ನಲ್ಲಿ. ಮರುವರ್ಷ ವೂಟ್ ಜಿಯೋಸಿನಿಮಾದೊಳಗೆ ಹೋಯ್ತು, 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಹಾಟ್‌ಸ್ಟಾರ್ ಜೊತೆ ಕೂಡಿ ಜಿಯೋಹಾಟ್‌ಸ್ಟಾರ್ ಆಯ್ತು. ಪಾಪ, ಆ ನಾಯಿ ಸಿನಿಮಾದಲ್ಲಿ ಅಲೆದದ್ದು ಸಾಲದು ಅಂತ ಕಾಣುತ್ತೆ.

ಕನ್ನಡದ ವೆಬ್ ಸರಣಿ ಬೇಕು ಅಂದ್ರೆ ಮಾತ್ರ ಎಲ್ಲ ಕಡೆ ಬರ. ರಕ್ಷಿತ್ ಶೆಟ್ಟಿಯಂಥವರ ತಂಡವೇ 2024ರಲ್ಲಿ 'ಏಕಂ' ಸರಣಿಯನ್ನ ಸ್ವಂತ ಜಾಲತಾಣದಲ್ಲಿ ಬಿಡಬೇಕಾಯ್ತು.

ನಾನು ಒಂದು ಆಪ್‌ಗೆ ವರ್ಷದ ಚಂದಾ ಕಟ್ಟಿ ಬೀಗಿದ್ದೆ. ಹುಡುಕಿದ ಸಿನಿಮಾ ಸಿಕ್ಕಿತು, ಒತ್ತಿದ್ರೆ ಬಾಡಿಗೆ ಬೇರೆ ಕೊಡಿ ಅಂತು! ಅದಕ್ಕೇ ಹೇಳೋದು, ಮನೆಯವರೆಲ್ಲ ನೋಡಲೇಬೇಕು ಅನ್ನೋ ಹತ್ತು ಹೆಸರು ಚೀಟಿಯಲ್ಲಿ ಬರಿ. ಜಸ್ಟ್‌ವಾಚ್ ಅನ್ನೋ ಜಾಲತಾಣದಲ್ಲಿ ಒಂದೊಂದೇ ಹಾಕಿ ನೋಡು. ಯಾವುದು ಎಲ್ಲಿದೆ, ಚಂದಾಕ್ಕೋ ಬಾಡಿಗೆಗೋ ಅಂತ ತೋರಿಸುತ್ತೆ. ಹೆಚ್ಚು ಹೆಸರು ಸಿಕ್ಕಿದ ಕಡೆ ಒಂದೇ ತಿಂಗಳಿಗೆ ಕಟ್ಟು, ಕಟ್ಟಿದ ದಿನವೇ ಆಟೋಪೇ ತೆಗೆದುಹಾಕು. ಮುಂದಿನ ತಿಂಗಳು ಇನ್ನೊಂದು.

ಚೀಟಿಯಲ್ಲಿ ನನ್ನದೂ ಒಂದು ಸೇರಿಸಪ್ಪ, 'ಕಸ್ತೂರಿ ನಿವಾಸ'. ಸಿಕ್ಕಿದ ದಿನ ಫೋನ್ ಮಾಡು, ನಿಮ್ಮ ದೊಡ್ಡಮ್ಮನ್ನೂ ಕರ್ಕೊಂಡು ಬರ್ತೀನಿ.