ಮೇಷ್ಟ್ರು ಇಲ್ಲದ ಹೊತ್ತಿನ ಕೆಲಸ

ಬರೋಡಾದ ಕಲಾ ಕಾಲೇಜಿನಲ್ಲಿ ಎಂವಿಎ ಸ್ನಾತಕೋತ್ತರ ಕೋರ್ಸಿಗೆ ಸೀಟು ಸಿಕ್ಕಿತೆಂದು ನೀನು ಫೋನಿನಲ್ಲಿ ಹೇಳಿದಾಗಿನಿಂದ ನನಗೂ ಸಂಭ್ರಮವೇ. ನೀನು ಹೊರಡುವ ಮುಂಚೆ ಒಂದಿಷ್ಟು ಹೇಳಿಬಿಡುತ್ತೇನಮ್ಮ.

ಇಷ್ಟು ದಿನ ಮೇಷ್ಟ್ರು ಮಾಡೆಲ್ ಕೂರಿಸುತ್ತಿದ್ದರು, ವಿಷಯ ಕೊಡುತ್ತಿದ್ದರು, ಸಬ್ಮಿಷನ್ನಿಗೆ ತಾರೀಕು ಹಾಕುತ್ತಿದ್ದರು. ಇನ್ನು ಮುಂದೆ ನಿನ್ನ ಪಾಲಿಗೆ ಒಂದು ಗೋಡೆ, ಒಂದು ಮೂಲೆ, ಎರಡು ವರ್ಷ. ಮೊದಮೊದಲು ಎಷ್ಟೋ ಜನಕ್ಕೆ ಕೈಯೇ ಓಡುವುದಿಲ್ಲ. ಗಾಬರಿಗೆ ಪಕ್ಕದವರ ಕ್ಯಾನ್ವಾಸ್ ನೋಡುತ್ತಾರೆ, ಇಲ್ಲವೇ ಮೇಷ್ಟ್ರಿಗೆ ಹಿಡಿಸುವಂಥದ್ದನ್ನೇ ಮಾಡತೊಡಗುತ್ತಾರೆ. ನೀನು ಆ ದಾರಿ ಹಿಡಿಯಬೇಡ. ಕೈ ಓಡದ ದಿನವೂ ಅದೇ ಹೊತ್ತಿಗೆ ಹೋಗಿ ಕೂರು. ಕಾಗದ ಕತ್ತರಿಸು, ಕ್ಯಾನ್ವಾಸಿಗೆ ಪ್ರೈಮರ್ ಹಚ್ಚು, ಹಳೆಯ ಡ್ರಾಯಿಂಗುಗಳನ್ನು ಗೋಡೆಗೆ ಅಂಟಿಸಿ ಸುಮ್ಮನೆ ನೋಡು. ನಿನ್ನ ಕೈ ಮತ್ತೆ ಮತ್ತೆ ಎತ್ತ ಹೋಗುತ್ತದೆ ಎನ್ನುವುದು ಅಲ್ಲೇ ಕಾಣುತ್ತದೆ.

ನೀನು ಸೇರುವ ಆ ಕಾಲೇಜಿನಲ್ಲೇ 1972ರಿಂದ ಕಲಾವಿದೆ ನಸ್ರೀನ್ ಮೊಹಮ್ಮದಿ ಪಾಠ ಮಾಡುತ್ತಿದ್ದರು. ಸುತ್ತಲಿನವರು ಮನುಷ್ಯರ, ಬೀದಿಗಳ ಕಥೆ ಹೇಳುವ ಚಿತ್ರಗಳತ್ತ ಹೊರಳಿದ್ದ ಕಾಲ ಅದು. ಅವರು ಮಾತ್ರ ಕಾಗದ, ಪೆನ್ಸಿಲ್, ಇಂಕು ಇಟ್ಟುಕೊಂಡು ಗೆರೆಯನ್ನೇ ನಂಬಿದರು. ಕಾಯಿಲೆ ಮೈಯನ್ನು ಬಾಧಿಸುತ್ತಿದ್ದಾಗಲೂ ಆ ಗೆರೆ ಬಿಡಲಿಲ್ಲ. ತಾವು ತೆಗೆದ ಫೋಟೊಗಳನ್ನಂತೂ ಬದುಕಿರುವವರೆಗೆ ಪ್ರದರ್ಶನಕ್ಕೇ ಇಡಲಿಲ್ಲ. ಯಾರೂ ಕೇಳದಿದ್ದರೂ, ಯಾರೂ ನೋಡದಿದ್ದರೂ ಮಾಡುವ ಕೆಲಸ ಒಂದಿರಬೇಕು ನೋಡು, ಅದು ಅದೇ.

ಪ್ರಿಂಟ್‌ಮೇಕಿಂಗ್ ನಿನಗೆ ಇಷ್ಟ, ಗೊತ್ತು. ಅಲ್ಲಿರುವಷ್ಟು ದಿನ ಎಚಿಂಗ್ ಪ್ರೆಸ್ಸನ್ನು ಬಿಡಬೇಡ, ಮನದಣಿಯೆ ಪ್ರಿಂಟು ತೆಗೆ. ಆದರೆ ನಾಳೆ ನೀನು ಹಿಡಿಯುವ ಬಾಡಿಗೆ ಕೋಣೆಯಲ್ಲಿ ಪ್ರೆಸ್ ಇರುವುದಿಲ್ಲ, ಆಸಿಡ್ ತೊಟ್ಟಿ ಇಡಲು ಜಾಗವೂ ಇರುವುದಿಲ್ಲ. ಆದ್ದರಿಂದ ಜೊತೆಜೊತೆಗೆ ಮರದ ಅಚ್ಚು, ಲೈನೋ ಕೆತ್ತುವುದನ್ನೂ ರೂಢಿಸಿಕೊ. ಕಾಗದ ಹಾಸಿ ಚಮಚದ ಬೆನ್ನಿನಿಂದ ಉಜ್ಜಿದರೆ ಅಡುಗೆಮನೆಯ ನೆಲದ ಮೇಲೂ ಪ್ರಿಂಟ್ ಬರುತ್ತದೆ. ದೆಹಲಿಯ ಗಢಿಯಲ್ಲಿ, ಚೆನ್ನೈಯಲ್ಲಿ ಲಲಿತಕಲಾ ಅಕಾಡೆಮಿಯ ಸ್ಟುಡಿಯೊಗಳಿವೆ. ಅಲ್ಲಿಗೆ ಅರ್ಜಿ ಹಾಕುವುದು ಹೇಗೆಂದು ಕೊನೆಯ ಸೆಮಿಸ್ಟರಿಗೆ ಕಾಯದೆ ವಿಚಾರಿಸು.

ಹೊಟ್ಟೆಪಾಡಿನ ಮಾತು ಬಂದರೆ ಮುಖ ಸಣ್ಣ ಮಾಡಬೇಡ. ಚಿತ್ರಕಾರ ಭೂಪೇನ್ ಖಖ್ಖರ್ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದವರು. ಬರೋಡಾಕ್ಕೆ ಬಂದ ಮೇಲೂ ಲೆಕ್ಕ ಬರೆದು ಸಂಪಾದಿಸುತ್ತಲೇ ಗಡಿಯಾರ ರಿಪೇರಿಯವನನ್ನು, ಕ್ಷೌರದಂಗಡಿಯನ್ನು ಚಿತ್ರಿಸಿದರು. ನಮ್ಮ ಮೈಸೂರಿನ ಚಿತ್ರಕಾರ ಎಸ್.ಜಿ. ವಾಸುದೇವ್ ಮದ್ರಾಸಿನಲ್ಲಿ ಕಲಿತವರು. ಅಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಜೊತೆಗಾರರು 1966ರಲ್ಲಿ ಚೋಳಮಂಡಲ ಎಂಬ ಕಲಾವಿದರ ಹಳ್ಳಿ ಕಟ್ಟಿದಾಗ ಇವರೂ ಇದ್ದರು. ಬಾಟಿಕ್‌ನಂಥ ಕರಕುಶಲ ಕೆಲಸ ಮಾಡಿ ಮಾರಿ ಬಂದ ಹಣ ಅಲ್ಲಿನ ಕಲಾವಿದರ ಚಿತ್ರಗಳನ್ನು ಸಾಕಿತು. ನೀನು ಶಾಲೆಯಲ್ಲಿ ಡ್ರಾಯಿಂಗ್ ಪಾಠ ಮಾಡು, ಪುಸ್ತಕಗಳಿಗೆ ಮುಖಪುಟ ಬರೆ. ಚಿತ್ರಕ್ಕೆ ಬೆಳಗಿನ ಹೊತ್ತು ಉಳಿಯುವಂಥ ನೌಕರಿಯಾದರೆ ಸಾಕು. ಹೊತ್ತನ್ನೆಲ್ಲ ನುಂಗುವ ದೊಡ್ಡ ಸಂಬಳಕ್ಕಿಂತ ಅದು ಎಷ್ಟೋ ಮೇಲು ಎಂದೇ ನಾನು ನಂಬಿದ್ದೇನೆ.

ನಿನ್ನ ಕೆಲಸವನ್ನು ಎಲ್ಲರ ಮುಂದಿಟ್ಟು ಚರ್ಚಿಸುವ ಕ್ರಿಟೀಕ್‌ನಲ್ಲಿ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ. ಅಲ್ಲೇ ವಾದಕ್ಕಿಳಿಯಬೇಡ, ಅಳಬೇಡ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊ. ವಾರ ಕಳೆದರೂ ಚುಚ್ಚುವ ಮಾತಿದ್ದರೆ ಅದರಲ್ಲಿ ಏನೋ ಇದೆ. ಉಳಿದದ್ದನ್ನು ಬಿಡು. ನಿನ್ನ ಕೆಲಸದ ಬಗ್ಗೆ ಒಂದು ಪುಟ ಬರೆದುಕೊಡು ಎಂದಾಗ ಮೊದಲು ಕನ್ನಡದಲ್ಲೇ ಬರೆ. ನಿನಗೆ ಅರ್ಥವಾಗದ ದೊಡ್ಡ ಪದಗಳು ಆಗ ನುಸುಳುವುದಿಲ್ಲ. ಪ್ರತಿ ಕೃತಿಯ ಹಿಂದೆ ಅಳತೆ, ಮಾಧ್ಯಮ, ವರ್ಷ ಬರೆದು, ಹಗಲು ಬೆಳಕಿನಲ್ಲಿ ಫೋಟೊ ತೆಗೆದಿಡು.

ಕೊನೆಯ ಡಿಸ್‌ಪ್ಲೇಗೆ ಎಲ್ಲರೂ ಇದ್ದಬದ್ದದ್ದನ್ನೆಲ್ಲ ಮುಗಿಸಿ ಗೋಡೆ ತುಂಬುತ್ತಾರೆ. ಮಾರನೆಯ ದಿನ ಕೈ ಬರಿದಾಗಿ ತಿಂಗಳುಗಟ್ಟಲೆ ಏನೂ ಮಾಡದೆ ಕೂತವರನ್ನು ಕಂಡಿದ್ದೇನೆ. ನೀನು ಒಂದು ಕೆಲಸವನ್ನು ಅರ್ಧದಲ್ಲೇ ಬಿಟ್ಟು, ಸುತ್ತಿ, ಹಾಸ್ಟೆಲ್ ರೂಮಿನಲ್ಲಿ ಇಟ್ಟುಕೊ. ಊರಿಗೆ ಬಂದ ಮೇಲೆ ಮೊದಲು ಅದನ್ನು ಬಿಚ್ಚು.