ಪ್ರೇಮ ಕಾದಂಬರಿ ಓದಬಹುದೇ, ಫಾದರ್?



ಮಳೆ ಹಿಡಿಯಿತೆಂದರೆ ನಮ್ಮ ಸಿದ್ದಾಪುರದ ಕಡೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ತೋಟದ ಕೆಲಸ ಕಡಿಮೆ, ಟಿ.ವಿ. ಬಂದ್. ಓದುವ ಅಭ್ಯಾಸವಿರುವವರಿಗೆ ಇದೇ ಸುಗ್ಗಿ. ಈ ದಿನಗಳಲ್ಲಿ ತಾಯಂದಿರು ಕೇಳುವ ಪ್ರಶ್ನೆ ಒಂದುಂಟು: “ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಇಂಗ್ಲಿಷ್ ಪ್ರೇಮಕಥೆ ಓದುತ್ತಾಳೆ. ಬೈದರೆ, ‘ಅಮ್ಮಾ, ಇದು ಕ್ರಿಶ್ಚಿಯನ್ ಕಾದಂಬರಿ’ ಅನ್ನುತ್ತಾಳೆ. ಓದಬಹುದಾ ಫಾದರ್?”

ಓದಬಹುದು. ಬರೀ ಸಂತೋಷಕ್ಕಾಗಿಯೇ ಓದಬಹುದು. ನಮ್ಮಲ್ಲಿ ಕೆಲವರಿಗೆ ಸಂತೋಷವೆಂದರೇ ಸಂಶಯ. ಜಪಸರದ ಹೊತ್ತು ಬಿಟ್ಟು ಮಿಕ್ಕ ಹೊತ್ತೆಲ್ಲ ದುಡಿಮೆಯಲ್ಲೇ ಕಳೆಯಬೇಕೆಂಬ ಭಾವನೆ. ಸಂತ ಥಾಮಸ್ ಅಕ್ವಿನಾಸರು ಹಾಗೆ ಹೇಳಲಿಲ್ಲ. ಆಟ, ವಿನೋದಗಳಲ್ಲೂ ಒಂದು ಸದ್ಗುಣವಿದೆ ಎಂದು ಅವರು ತಮ್ಮ ಮಹಾಗ್ರಂಥದಲ್ಲಿ ವಾದಿಸುತ್ತಾರೆ. ಅಲ್ಲಿ ಸಂತ ಯೊವಾನ್ನರ ಬಗ್ಗೆ ಹಳೆಯ ಕಥೆಯೊಂದನ್ನೂ ಹೇಳುತ್ತಾರೆ. ಶಿಷ್ಯರೊಡನೆ ವಿನೋದದಲ್ಲಿದ್ದ ಸಂತರನ್ನು ನೋಡಿ ಜನ ಬೇಸರಪಟ್ಟರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದವನೊಬ್ಬನಿಗೆ ಸಂತರು ಬಾಣ ಬಿಡಲು ಹೇಳಿ, ಹೀಗೇ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲೇ ಮುರಿಯುತ್ತದೆ ಎಂದ ಅವನು. ಬಿಡುವಿಲ್ಲದ ಮನಸ್ಸಿನ ಗತಿಯೂ ಅದೇ. ಇನ್ನು ಧರ್ಮಸಭೆಯ ನಿಷೇಧಿತ ಪುಸ್ತಕಗಳ ಪಟ್ಟಿ 1966ರಲ್ಲೇ ಕಾನೂನಿನ ಬಲ ಕಳೆದುಕೊಂಡಿತು. ಜಗದ್ಗುರು ಫ್ರಾನ್ಸಿಸರಂತೂ ತಮ್ಮ ನಿಧನಕ್ಕೆ ಒಂದು ವರ್ಷಕ್ಕೂ ಕಡಿಮೆ ಇರುವಾಗ, 2024ರ ಜುಲೈಯಲ್ಲಿ, ಕಥೆ ಕಾದಂಬರಿಗಳನ್ನು ಓದಿರೆಂದೇ ಪತ್ರ ಬರೆದರು. ಗುರುಗಳಾಗಲು ಕಲಿಯುತ್ತಿರುವವರನ್ನೂ ಅವರು ಬಿಡಲಿಲ್ಲ.

ಈಗ ಆ ಕ್ರಿಶ್ಚಿಯನ್ ಕಾದಂಬರಿಗಳ ವಿಷಯ. ಕೆನಡಾದ ಜನೆಟ್ ಓಕ್ 1979ರಲ್ಲಿ ಬರೆದ ‘ಲವ್ ಕಮ್ಸ್ ಸಾಫ್ಟ್ಲಿ’ ಈ ಬಗೆಗೆ ದಾರಿ ಮಾಡಿಕೊಟ್ಟ ಪುಸ್ತಕ. ದೂರದ ಸೀಮೆಗೆ ಬಂದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡ ಬಸುರಿ ಹುಡುಗಿ. ಹೆಂಡತಿ ತೀರಿಕೊಂಡು, ಪುಟ್ಟ ಮಗಳನ್ನು ಸಾಕಲಾರದೆ ಒದ್ದಾಡುವ ರೈತ. ಬದುಕಿನ ಅಗತ್ಯಕ್ಕಾಗಿ ಇಬ್ಬರೂ ಮದುವೆಯಾಗುತ್ತಾರೆ. ಪ್ರೀತಿ ನಿಧಾನವಾಗಿ ಆಮೇಲೆ ಬರುತ್ತದೆ. ಓದಿದಾಗ ನನಗೆ ನಗು ಬಂತು. ಇದು ನಮ್ಮ ಅಜ್ಜ-ಅಜ್ಜಿಯರ ಕಥೆಯಲ್ಲವೇ! ಮದುವೆಯ ದಿನವೇ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದವರು, ಐವತ್ತು ವರ್ಷದ ನಂತರ ಒಬ್ಬರಿಲ್ಲದೆ ಒಬ್ಬರು ಊಟಕ್ಕೆ ಕೂರದವರು. ಇಂಥ ಪುಸ್ತಕ ಮಗಳ ಕೈಯಲ್ಲಿದ್ದರೆ ತಾಯಿ ಹೆದರಬೇಕಾಗಿಲ್ಲ.

ಫ್ರಾನ್ಸಿನ್ ರಿವರ್ಸ್ ಎಂಬ ಅಮೆರಿಕದ ಲೇಖಕಿಯ ‘ರಿಡೀಮಿಂಗ್ ಲವ್’ ಬಂದದ್ದು 1991ರಲ್ಲಿ. 2022ರಲ್ಲಿ ಸಿನಿಮಾ ಕೂಡ ಆಯಿತು. ಪ್ರವಾದಿ ಹೊಶೇಯನ ಕಥೆಯನ್ನು ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ಕಾಲಕ್ಕೆ ತಂದಿದ್ದಾರೆ. ವೇಶ್ಯಾವಾಟಿಕೆಯಲ್ಲಿ ಬೆಳೆದ ಹೆಣ್ಣೊಬ್ಬಳನ್ನು ರೈತನೊಬ್ಬ ಮದುವೆಯಾಗುತ್ತಾನೆ. ಅವಳು ಬಿಟ್ಟು ಓಡಿದರೂ ಕೈಬಿಡುವುದಿಲ್ಲ. ಕಥೆ ಮನ ಕಲಕುತ್ತದೆ. ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮದುವೆಗೆ ಹೆಸರು ಕೊಡಲು ಬರುವ ಹುಡುಗಿಯರಲ್ಲಿ ಕೆಲವರ ಬಾಯಲ್ಲಿ ನಾನು ಕೇಳುವ ಮಾತು: “ಅವನು ಕುಡಿಯುತ್ತಾನೆ ಅಂತ ಗೊತ್ತು ಫಾದರ್. ಮದುವೆಯಾದ ಮೇಲೆ ನನ್ನ ಪ್ರೀತಿಯಿಂದ ಬಿಡಿಸುತ್ತೇನೆ.” ಈ ನಂಬಿಕೆ ಎಲ್ಲಿಂದ ಬರುತ್ತದೆ? ಕಾದಂಬರಿಯಿಂದ, ಸಿನಿಮಾದಿಂದ, ಕೆಲವೊಮ್ಮೆ ನಮ್ಮ ಪ್ರಸಂಗಗಳಿಂದಲೂ. ಹೊಶೇಯನ ಮದುವೆ ಇಸ್ರಯೇಲಿನ ಮೇಲೆ ದೇವರಿಗಿರುವ ಪ್ರೀತಿಯ ಗುರುತು. ಅಲ್ಲಿ ಬಿಡದೆ ಕ್ಷಮಿಸುವವರು ದೇವರು. ಪ್ರತಿ ಮದುವೆಯೂ ಹಾಗೇ ಕೊನೆಗೊಳ್ಳುತ್ತದೆಂದು ಬೈಬಲ್ ಎಲ್ಲೂ ಮಾತು ಕೊಟ್ಟಿಲ್ಲ. ರಕ್ಷಕ ಒಬ್ಬನೇ, ಇಪ್ಪತ್ತೆರಡು ವರ್ಷದ ಹುಡುಗಿಯ ಹೆಗಲಿಗೆ ಆ ಕೆಲಸ ಹೊರಿಸಬಾರದು. ಕ್ರಿಸ್ತನಿಗೂ ಸಭೆಗೂ ಇರುವ ಐಕ್ಯವನ್ನು ಲೋಪವಿಲ್ಲದೆ ತೋರಿಸಬೇಕೆಂಬ ಭಾರವನ್ನು ಮಿತಿಗಳುಳ್ಳ ಇಬ್ಬರು ಮನುಷ್ಯರ ಮೇಲೆ ಹೇರಬಾರದೆಂದು 2016ರ ‘ಆಮೋರಿಸ್ ಲೆತೀತ್ಸಿಯ’ ಪತ್ರವೂ ಎಚ್ಚರಿಸುತ್ತದೆ. ಹಿಂಸೆಯಿರುವ ಮನೆಯಲ್ಲಿ ಹೆಂಡತಿ ಮಕ್ಕಳ ರಕ್ಷಣೆಗಾಗಿ ದೂರವಿರುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯವೆಂದೂ ಅದೇ ಪತ್ರ ಹೇಳುತ್ತದೆ. ಕುಡಿತ ಬಿಡುವುದಿದ್ದರೆ ಅವನು ಮದುವೆಗೆ ಮುಂಚೆ ಬಿಟ್ಟು ತೋರಿಸಲಿ.

ಈ ಕಾದಂಬರಿಗಳ ಇನ್ನೊಂದು ಕೊರತೆಯೆಂದರೆ, ಪ್ರಾರ್ಥಿಸಿದವಳಿಗೆಲ್ಲ ಕೊನೆಯ ಪುಟದಲ್ಲಿ ಒಳ್ಳೆಯ ಗಂಡ ಸಿಗುತ್ತಾನೆ. ನಲವತ್ತು ದಾಟಿಯೂ ಮದುವೆಯಾಗದೆ ತಂದೆತಾಯಿಯನ್ನು ನೋಡಿಕೊಳ್ಳುತ್ತಿರುವ ಅಕ್ಕಂದಿರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಅವರ ಪ್ರಾರ್ಥನೆ ದೇವರಿಗೆ ಕೇಳಲಿಲ್ಲವೇ?

ಹಾಗಾದರೆ ಓದಿದ್ದು ಒಳ್ಳೆಯದೋ ಅಲ್ಲವೋ ತಿಳಿಯುವುದು ಹೇಗೆ? ಸಂತ ಇಗ್ನೇಷಿಯಸರು ಪ್ರೇಮ ಪರಾಕ್ರಮಗಳ ಕಥೆಗಳನ್ನು ಬಹಳ ಓದಿದವರು. 1521ರಲ್ಲಿ ಪಾಂಪ್ಲೋನದ ಯುದ್ಧದಲ್ಲಿ ಕಾಲು ಮುರಿದು ಮಲಗಿದ್ದಾಗಲೂ ಅಂಥವನ್ನೇ ಕೇಳಿದರು. ಮನೆಯಲ್ಲಿದ್ದದ್ದು ಕ್ರಿಸ್ತನ ಜೀವನ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಅವನ್ನು ಓದುತ್ತ, ನಡುನಡುವೆ ಒಬ್ಬ ಉನ್ನತ ಕುಲದ ಹೆಣ್ಣಿನ ಬಗ್ಗೆ ಗಂಟೆಗಟ್ಟಲೆ ಕನಸು ಕಾಣುತ್ತಿದ್ದಾಗ ಒಂದು ಸಂಗತಿ ಅವರ ಗಮನಕ್ಕೆ ಬಂತು. ಎರಡೂ ಆ ಹೊತ್ತಿಗೆ ಹಿತವೇ. ಆದರೆ ಮೊದಲನೆಯ ಕನಸು ಮುಗಿದಾಗ ಮನಸ್ಸು ಒಣಗುತ್ತಿತ್ತು, ಸಂತರಂತೆ ಬಾಳುವ ಯೋಚನೆ ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದಾಗ ಗಂಡನ ಮುಖ, ಅತ್ತೆಯ ಮಾತು ಮೊದಲಿಗಿಂತ ಅಸಹ್ಯವಾಗಿ ಕಂಡರೆ ಆ ಪುಸ್ತಕ ನಿಮಗೆ ಹಿಡಿಸಿಲ್ಲವೆಂದೇ ತಿಳಿಯಿರಿ. ಸ್ವಲ್ಪ ಸಹನೆ, ಸ್ವಲ್ಪ ನಗು ಉಳಿದರೆ ಇನ್ನೊಂದು ತೆಗೆದುಕೊಳ್ಳಿ. (ಗಂಡಸರೂ ಇದೇ ಪರೀಕ್ಷೆಯನ್ನು ತಮ್ಮ ಮೊಬೈಲಿಗೆ ಮಾಡಿಕೊಳ್ಳಬಹುದು.)

ಕ್ರೈಸ್ತ ಪ್ರೇಮಕಥೆಯೆಂದರೆ ನನಗೆ ಮೊದಲು ನೆನಪಾಗುವುದು ಇಟಲಿಯ ಮನ್ಜೋನಿ 1827ರಲ್ಲಿ ಪ್ರಕಟಿಸಿದ ಕಾದಂಬರಿ. ಮದುವೆ ನಿಶ್ಚಯವಾದ ರೆನ್ಜೊ, ಲೂಚಿಯ ಎಂಬ ಬಡವರು ಊರ ಧಣಿಯ ದೌರ್ಜನ್ಯದಿಂದ ಬೇರಾಗಿ, ಬರ, ಪ್ಲೇಗುಗಳನ್ನು ದಾಟಿ ಮತ್ತೆ ಸೇರುತ್ತಾರೆ. 2015ರಲ್ಲಿ ಫ್ರಾನ್ಸಿಸರು ಮದುವೆ ಗೊತ್ತಾದವರಿಗೆಲ್ಲ ಇದನ್ನು ಓದಲು ಹೇಳಿದ್ದರು. ಧಣಿಗೆ ಹೆದರಿ ಮದುವೆ ಮಾಡಿಸಲು ಒಲ್ಲೆನೆನ್ನುವ ವಿಚಾರಣೆ ಗುರುಗಳೂ ಅದರಲ್ಲಿದ್ದಾರೆ. ನಮ್ಮಂಥವರು ಆ ಭಾಗವನ್ನು ಎರಡು ಸಲ ಓದಬೇಕು.

ಅಷ್ಟು ದೂರ ಹೋಗದಿದ್ದರೂ ಆದೀತು. 2014ರ ಜನವರಿಯಲ್ಲಿ ನಮ್ಮ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ನಾ. ಡಿಸೋಜರು ನಮ್ಮವರೇ; 2025ರಲ್ಲಿ ತೀರಿಕೊಂಡರು. ಅವರ ‘ದ್ವೀಪ’ದಲ್ಲಿ ಶರಾವತಿಯ ನೀರು ಏರುತ್ತಿರುವಾಗ ಗಂಡಹೆಂಡಿರ ನಡುವೆ ಸಂಶಯ ಏರುವುದನ್ನು ನೋಡಿ. ತ್ರಿವೇಣಿಯವರ ‘ಶರಪಂಜರ’ ಕ್ರೈಸ್ತ ಕಾದಂಬರಿಯಲ್ಲ. ಆದರೂ ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಯಾರೂ ನಂಬದೆ ಹೋಗುವುದನ್ನು ಓದಿದರೆ, ಸುಖದಲ್ಲೂ ಕಾಯಿಲೆಯಲ್ಲೂ ಜೊತೆಗಿರುವೆನೆಂದು ಪೀಠದ ಮುಂದೆ ಆಡಿದ ಮಾತಿನ ತೂಕ ತಿಳಿಯುತ್ತದೆ.

ಆದ್ದರಿಂದ ತಾಯಂದಿರೇ, ಮಗಳ ಕೈಯಿಂದ ಮೊಬೈಲು ಕಸಿದುಕೊಳ್ಳುವ ಮೊದಲು ಆ ಕಥೆಯನ್ನು ನಿಮಗೆ ಹೇಳಲು ಕೇಳಿ. ಇಂಗ್ಲಿಷ್ ಬಾರದಿದ್ದರೆ ಅವಳೇ ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಲಿ. ನಂತರ ನಿಮ್ಮ ಮದುವೆಯ ಕಥೆಯನ್ನೂ ಅವಳಿಗೆ ಹೇಳಿ, ಜಗಳವಾಡಿದ ವರ್ಷಗಳನ್ನು ಬಿಡದೆ.