ಹೊಟ್ಟಿನಿಂದ ಕರೆಂಟ್: ದುಡ್ಡು ಹಾಕುವ ಮೊದಲು ಈ ಲೆಕ್ಕ ಮಾಡಿ

ಕಳೆದ ಬೇಸಿಗೆ ಭತ್ತದ ಕೊಯ್ಲು ಮುಗಿದ ಮೇಲೆ ಗಂಗಾವತಿ ಭಾಗದ ನಮ್ಮೂರಿಗೆ ಮಷೀನ್ ಮಾರುವವರೊಬ್ಬರು ಬಂದಿದ್ದರು. ಭತ್ತದ ಹೊಟ್ಟಿನಿಂದ ಕರೆಂಟ್ ತೆಗೆಯುವ ಘಟಕ, ಐದು ಜನ ರೈತರು ಸೇರಿ ಹಾಕಬಹುದು, ತಲಾ ಮೂರು ಲಕ್ಷ ಅಂದರು. ಅಂದು ಸಂಜೆಯೇ ಪಕ್ಕದ ಹೊಲದ ಹುಡುಗ ಮನೆಗೆ ಬಂದ.

"ಕಾಕಾ, ಮಿಲ್ಲಿನ ಹಿಂದ ಗುಡ್ಡದಂಗ ಹೊಟ್ಟು ಬಿದ್ದದ. ಕಸದಾಗ ಕರೆಂಟ್ ಬರ್ತದಂದ್ರ ಬಿಡೋದ್ಯಾಕ? ಬಂಗಾರ ಅಡ ಇಟ್ಟಾದ್ರೂ ನಾ ಹಾಕ್ತೀನಿ."

"ಒಂದು ವಾರ ತಡಿಯಪ್ಪಾ, ಲೆಕ್ಕ ಮಾಡೋಣು" ಅಂದೆ. ಆ ವಾರದಲ್ಲಿ ನಾವಿಬ್ಬರೂ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಬಿಹಾರದಲ್ಲಿ ಆಗಿದ್ದೇನು?

ಇದು ಬರೀ ಮಾತಲ್ಲ, ಮಾಡಿ ತೋರಿಸಿದ ಕೆಲಸ. ಬಿಹಾರದ ಪಶ್ಚಿಮ ಚಂಪಾರಣ್ ಜಿಲ್ಲೆಯ ತಮ್‌ಕುಹಾ ಹಳ್ಳಿಯಲ್ಲಿ 2007ರಲ್ಲಿ ಹಸ್ಕ್ ಪವರ್ ಸಿಸ್ಟಮ್ಸ್ ಸಂಸ್ಥೆ ಹೊಟ್ಟಿನ ಮೊದಲ ಘಟಕ ಶುರು ಮಾಡಿತು. ಅದನ್ನು ಕಟ್ಟಿದವರಲ್ಲೊಬ್ಬರಾದ ಜ್ಞಾನೇಶ್ ಪಾಂಡೆ ಬಿಹಾರದವರೇ, ಅಮೆರಿಕದ ಇಂಜಿನಿಯರ್ ಕೆಲಸ ಬಿಟ್ಟು ಬಂದವರು. ಆ ಹಳ್ಳಿಗಳಿಗೆ ಆಗ ಲೈನ್ ಕರೆಂಟ್ ಇರಲಿಲ್ಲ. ಜನ ಸೀಮೆಎಣ್ಣೆಗೆ, ಡೀಸೆಲ್‌ಗೆ ದುಡ್ಡು ಸುರಿಯುತ್ತಿದ್ದರು. ಅಗ್ಗದ ಹೊಟ್ಟು, ಕಾದು ಕೂತ ಗಿರಾಕಿ, ಎರಡೂ ಒಂದೇ ಕಡೆ ಸಿಕ್ಕವು. ಮುಂದೆ ಲೈನ್ ಕರೆಂಟ್ ಹಳ್ಳಿಗಳಿಗೆ ಬಂತು, ಸೋಲಾರ್ ಅಗ್ಗವಾಯಿತು. ಆ ಸಂಸ್ಥೆಯೂ ಸೋಲಾರ್ ಕಡೆ ಹೊರಳಿತು. ಇದನ್ನು ನೆನಪಿಡಿ.

ಮಷೀನ್ ಹೇಗೆ ನಡೀತದೆ?

ಹೊಟ್ಟನ್ನು ಪೂರ್ತಿ ಉರಿಸುವುದಿಲ್ಲ. ಗ್ಯಾಸಿಫೈಯರ್ ಎಂಬ ಮುಚ್ಚಿದ ಒಲೆಯಲ್ಲಿ ಗಾಳಿಯನ್ನು ಅಳತೆ ಮಾಡಿ ಕಡಿಮೆ ಕೊಟ್ಟರೆ ಹೊಟ್ಟಿನಿಂದ ಅನಿಲ ಬರುತ್ತದೆ. ಅದನ್ನು ತಂಪು ಮಾಡಿ, ಸೋಸಿ ಎಂಜಿನ್ನಿಗೆ ಬಿಟ್ಟರೆ ಜನರೇಟರ್ ತಿರುಗುತ್ತದೆ. ಎರಡು ಎಚ್ಚರಿಕೆ. ಹೊಟ್ಟು ಹಸಿಯಿದ್ದರೆ ಟಾರು ಹೆಚ್ಚಾಗಿ ಎಂಜಿನ್ ಕೆಡುತ್ತದೆ, ಹಾಗಾಗಿ ಮಳೆಗಾಲಕ್ಕೆ ಒಣ ಶೆಡ್ ಬೇಕೇ ಬೇಕು. ಇನ್ನೊಂದು, ಈ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಮುಚ್ಚಿದ ಕೋಣೆಯಲ್ಲಿ ಮಷೀನ್ ಕೂರಿಸಬೇಡಿ.

ಹೊಟ್ಟಿನ ಲೆಕ್ಕ

ಬಿಹಾರದ ಮಾದರಿಯ 32 ಕಿಲೋವ್ಯಾಟ್ ಘಟಕಕ್ಕೆ ಗಂಟೆಗೆ ಸುಮಾರು 50 ಕೆ.ಜಿ. ಹೊಟ್ಟು ಬೇಕು. ಅಂದರೆ ಒಂದು ಯೂನಿಟ್‌ಗೆ ಹೆಚ್ಚುಕಡಿಮೆ ಒಂದೂವರೆ ಕೆ.ಜಿ. ದಿನಕ್ಕೆ 6 ಗಂಟೆ ನಡೆಸಿದರೆ 300 ಕೆ.ಜಿ., ವರ್ಷಕ್ಕೆ ಸುಮಾರು 110 ಟನ್. ಭತ್ತದ ತೂಕದಲ್ಲಿ ಹೊಟ್ಟು ಐದರಲ್ಲೊಂದು ಪಾಲು. ಹಾಗಾಗಿ 550 ಟನ್ ಭತ್ತದ ಹೊಟ್ಟು ಬೇಕಾಯಿತು. ಎಕರೆಗೆ 75 ಕೆ.ಜಿ.ಯ 33 ಚೀಲ ಹಿಡಿದರೂ 220 ಎಕರೆಯ ಒಂದು ಬೆಳೆ! ನಮ್ಮ ಐದು ಜನರದ್ದು ಸೇರಿಸಿದರೆ ಬರೀ 46 ಎಕರೆ. ಉಳಿದ ಹೊಟ್ಟನ್ನು ಮಿಲ್ಲಿನಿಂದ ಕೊಳ್ಳಬೇಕು.

ಮಿಲ್ ಮಾಲೀಕರನ್ನು ಕೇಳಿದೆವು. ಅವರು ನಕ್ಕರು. "ಅದು ಕಸ ಅಂತ ನಿಮಗ ಯಾರು ಹೇಳಿದ್ರು? ಅರ್ಧ ನಮ್ಮ ಬಾಯ್ಲರ್‌ಗೇ ಹೋಗ್ತದ, ಉಳಿದದ್ದು ಇಟ್ಟಿಗೆ ಭಟ್ಟಿಯವರು ಒಯ್ತಾರ" ಅಂದರು. ಒಂದು ಸುಗ್ಗಿಗಿಂತ ಹೆಚ್ಚಿಗೆ ದರ ಬರೆದುಕೊಡಲು ಒಪ್ಪಲಿಲ್ಲ. ಹೊಟ್ಟಿನ ದರ ಕೆ.ಜಿ.ಗೆ ಒಂದು ರೂಪಾಯಿ ಏರಿದರೆ ನಮ್ಮ ಯೂನಿಟ್ಟಿನ ಖರ್ಚು ಒಂದೂವರೆ ರೂಪಾಯಿ ಏರುತ್ತದೆ. ಅದರ ಮೇಲೆ ಆಪರೇಟರ್ ಸಂಬಳ, ರಿಪೇರಿ, ಬಡ್ಡಿ.

ಕೊಳ್ಳುವವರು ಯಾರು? ಮನೆಮನೆಗೆ ಲೈನ್ ಇದೆ. 10 ಎಚ್‌ಪಿ ವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರದ ಕರೆಂಟ್ ಪುಕ್ಕಟೆ. ತಮ್‌ಕುಹಾದಲ್ಲಿ ಇದ್ದ ಗಿರಾಕಿ ನಮ್ಮೂರಲ್ಲಿಲ್ಲ.

ಹುಲ್ಲನ್ನು ಹಾಕಬಹುದಲ್ಲ?

ಹುಡುಗ ಕೇಳಿದ ಕೊನೆಯ ಪ್ರಶ್ನೆ ಇದು. ಹೊಟ್ಟು ಮಿಲ್ಲಿನಲ್ಲಿ ತಾನಾಗೇ ಒಂದೆಡೆ ಸೇರುತ್ತದೆ. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯಿಂದ ಕರೆಂಟ್ ತೆಗೆಯಲು ಸಾಧ್ಯವಾದದ್ದೂ ಇದೇ ಕಾರಣಕ್ಕೆ. ಹುಲ್ಲು ಹಾಗಲ್ಲ. ಹೊಲದಲ್ಲಿ ಆರಿಸಬೇಕು, ಕಟ್ಟಬೇಕು, ಸಾಗಿಸಬೇಕು. ದನಕ್ಕೂ ಅದೇ ಬೇಕು. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 15 ಕೆ.ಜಿ. ಪೊಟ್ಯಾಷ್ ಇರುತ್ತದೆ. ಅದು ನಮ್ಮ ಹೊಲದ ಸೊತ್ತು. ಮೇವಿಗೆ ಮಿಕ್ಕ ಹುಲ್ಲನ್ನು ಗದ್ದೆಯಲ್ಲಿ ಸುಡಬೇಡಿ, ಮಣ್ಣಿಗೆ ಸೇರಿಸಿ.

ಕೊನೆಗೆ ನಾವು ದುಡ್ಡು ಹಾಕಲಿಲ್ಲ. ಹುಡುಗನ ಬಂಗಾರ ಮನೆಯಲ್ಲೇ ಉಳಿಯಿತು. ಹಾಗಂತ ಈ ಮಷೀನ್ ಮೋಸ ಅನ್ನುವುದಿಲ್ಲ. ಸ್ವಂತ ಹೊಟ್ಟಿದ್ದು, ಹಗಲೆಲ್ಲ ಡೀಸೆಲ್ ಸುಡುವ ಮಿಲ್ಲಿನವರಿಗೆ ಲೆಕ್ಕ ಕೂಡಬಹುದು.

ನಿಮ್ಮೂರಿಗೂ ಇಂಥವರು ಬಂದರೆ ಮೂರೇ ಪ್ರಶ್ನೆ ಕೇಳಿ: ವರ್ಷವಿಡೀ ಹೊಟ್ಟು ಯಾರು ಕೊಡ್ತಾರೆ, ಯಾವ ದರಕ್ಕೆ? ಕರೆಂಟ್ ಕೊಳ್ಳುವವರು ಯಾರು? ಕೆಟ್ಟರೆ ರಿಪೇರಿಗೆ ಎಷ್ಟು ದಿನದಲ್ಲಿ ಬರ್ತೀರಿ? ಮೂರಕ್ಕೂ ಉತ್ತರ ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಚಹಾ ಕುಡಿಸಿ ಕಳಿಸಿಬಿಡಿ.